ಗಗನಯಾನದ ಖರ್ಚು ಮತ್ತು ನಮ್ಮ ಮಕ್ಕಳ ಫೀಸು

(ಸಂಘದ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ಈಗಷ್ಟೇ ಇಲ್ಲಿ ವಿದ್ಯಾರ್ಥಿವೇತನದ ಚೆಕ್ಕುಗಳನ್ನು ಹಂಚಲಾಯಿತು. ಒಂದೊಂದು ಚೆಕ್ಕಿನ ಹಿಂದೆಯೂ ಒಬ್ಬ ದಾನಿಯ ದುಡಿಮೆಯಿದೆ, ಒಂದು ಮನೆಯ ಕಷ್ಟವಿದೆ. ಹೀಗೆ ನೂರು, ಸಾವಿರ ಎಂದು ಎಣಿಸಿ ಹಣ ಕೂಡಿಸುವ ನಾವು, ಗಗನಯಾನಕ್ಕೆ ಸಾವಿರಾರು ಕೋಟಿ ಎಂಬ ಸುದ್ದಿ ಓದಿದಾಗ ‘ಮಕ್ಕಳ ಫೀಸಿಗೆ ದುಡ್ಡಿಲ್ಲದ ದೇಶಕ್ಕೆ ಇದು ಬೇಕಿತ್ತೇ?’ ಎಂದು ಕೇಳುವುದು ಸಹಜ. ಈ ಪ್ರಶ್ನೆಯನ್ನು ಕೇಳಿದವರನ್ನು ದೇಶದ ಪ್ರಗತಿ ಸಹಿಸದವರು ಎಂದು ಬಾಯಿ ಮುಚ್ಚಿಸುವುದು ಸರಿಯಲ್ಲ. ನಮ್ಮ ದೀನ್ ಭೂಮ್ಯಾಕಾಶಗಳ ಸೃಷ್ಟಿಯ ಬಗ್ಗೆ ಚಿಂತನೆ ಮಾಡಲು ಕರೆ ಕೊಡುತ್ತದೆ. ಇಸ್ರಾಫ್, ಅಂದರೆ ದುಂದುವೆಚ್ಚವನ್ನು ಕಟುವಾಗಿ ಖಂಡಿಸುತ್ತದೆ. ಆದ್ದರಿಂದ ಲೆಕ್ಕ ಕೇಳುವುದು ನಮ್ಮ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು.

ಮೊದಲು ಲೆಕ್ಕವನ್ನೇ ನೋಡೋಣ. 2018ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಗಗನಯಾನಕ್ಕೆ ಒಪ್ಪಿಗೆ ಕೊಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಬಾಹ್ಯಾಕಾಶ ನಿಲ್ದಾಣದ ಮೊದಲ ಘಟಕವನ್ನೂ ಸೇರಿಸಿ ಯೋಜನೆಯ ಒಟ್ಟು ಮೊತ್ತವನ್ನು 20,193 ಕೋಟಿ ರೂಪಾಯಿಗೆ ಏರಿಸಲಾಯಿತು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಇದು ಹಲವು ವರ್ಷಗಳಲ್ಲಿ ಹಂಚಿಹೋಗುವ ಖರ್ಚು. 140 ಕೋಟಿ ಜನರಿಗೆ ಭಾಗಿಸಿದರೆ ತಲೆಗೆ ಸುಮಾರು 144 ರೂಪಾಯಿ. 2024-25ರ ಕೇಂದ್ರ ಬಜೆಟ್ಟಿನಲ್ಲಿ ಇಡೀ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು ಸುಮಾರು 13 ಸಾವಿರ ಕೋಟಿ, ಶಿಕ್ಷಣ ಸಚಿವಾಲಯಕ್ಕೆ ಸುಮಾರು 1 ಲಕ್ಷ 20 ಸಾವಿರ ಕೋಟಿ. ಅದೇ ಬಜೆಟ್ಟಿನಲ್ಲಿ ಅಲ್ಪಸಂಖ್ಯಾತರ ಸಚಿವಾಲಯಕ್ಕೆ ಸಿಕ್ಕಿದ್ದು ಸುಮಾರು 3,183 ಕೋಟಿ. ಈ ಕೊನೆಯ ಅಂಕಿಯನ್ನು ನೆನಪಿನಲ್ಲಿಡಿ, ಮತ್ತೆ ಅದರ ಬಳಿಗೆ ಬರುತ್ತೇನೆ.

ಬಾಹ್ಯಾಕಾಶ ಕಾರ್ಯಕ್ರಮ ಬೇರೆ, ಮನುಷ್ಯನನ್ನು ಅಲ್ಲಿಗೆ ಕಳುಹಿಸುವುದು ಬೇರೆ. ಇವೆರಡನ್ನು ಬೆರೆಸಿ ಮಾತಾಡುವುದರಿಂದ ಗೊಂದಲವಾಗುತ್ತದೆ. ಉಪಗ್ರಹಗಳ ಉಪಯೋಗದ ಬಗ್ಗೆ ತಕರಾರಿಲ್ಲ. 1975-76ರಲ್ಲಿ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ದೇಶದ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠಗಳು ತಲುಪಿದವು, ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. 1999ರ ಒಡಿಶಾ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರಲ್ಲಿ ಫೈಲಿನ್ ಚಂಡಮಾರುತ ಅದೇ ಕರಾವಳಿಗೆ ಅಪ್ಪಳಿಸಿದಾಗ ಮುನ್ಸೂಚನೆ ಸಿಕ್ಕಿ ಲಕ್ಷಾಂತರ ಜನರನ್ನು ಮೊದಲೇ ಸಾಗಿಸಲಾಗಿತ್ತು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಆದರೆ ಇದಾವುದಕ್ಕೂ ಮನುಷ್ಯ ಮೇಲೆ ಹೋಗಬೇಕಾಗಿರಲಿಲ್ಲ. ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹ ವಿಕ್ರಂ ಸಾರಾಭಾಯಿಯವರೇ, ಶ್ರೀಮಂತ ದೇಶಗಳೊಂದಿಗೆ ಪೈಪೋಟಿಗಿಳಿದು ಮನುಷ್ಯನನ್ನು ಕಳುಹಿಸುವ ಭ್ರಮೆ ನಮಗಿಲ್ಲ, ಜನರ ಸಮಸ್ಯೆಗಳಿಗೆ ತಂತ್ರಜ್ಞಾನ ಬಳಸುವುದೇ ನಮ್ಮ ಗುರಿ ಎಂಬ ನಿಲುವನ್ನು ತಳೆದಿದ್ದರು.

ಇನ್ನೊಂದು ಹೋಲಿಕೆ ಕೇಳಿ. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ. 2025ರಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದ ಪ್ರಯಾಣಕ್ಕೆ, ತರಬೇತಿಯೂ ಸೇರಿ, ಸುಮಾರು 550 ಕೋಟಿ. ಒಂದು ಕಡೆ ಇಡೀ ಒಂದು ನೌಕೆ, ಇನ್ನೊಂದು ಕಡೆ ಬೇರೆಯವರ ನೌಕೆಯಲ್ಲಿ ಒಂದು ಆಸನ!

ಹಾಗಾದರೆ ಮನುಷ್ಯ ಹೋಗುವುದು ವ್ಯರ್ಥವೇ? ಹಾಗೆಂದು ನಾನು ಹೇಳಲಾರೆ. ಹಬಲ್ ದೂರದರ್ಶಕದ ಕನ್ನಡಿಯಲ್ಲಿ ದೋಷ ಕಂಡುಬಂದಾಗ, 1993ರಲ್ಲಿ ಗಗನಯಾತ್ರಿಗಳೇ ಹೋಗಿ ಅದನ್ನು ಸರಿಪಡಿಸಿದರು. ಆ ಒಂದು ರಿಪೇರಿಯಿಂದ ಜಗತ್ತಿಗೆ ಸಿಕ್ಕ ಜ್ಞಾನ ಅಪಾರ. ಶುಕ್ಲಾ ಅವರು ಮಾಡಿದ ಪ್ರಯೋಗಗಳಲ್ಲಿ ಒಂದು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ಹೆಸರುಕಾಳು, ಮೆಂತ್ಯ ಅಲ್ಲಿ ಮೊಳಕೆಯೊಡೆದಾಗ ಅವುಗಳ ಸತ್ವದಲ್ಲಿ ಏನು ಬದಲಾಗುತ್ತದೆ ಎಂಬ ಅಧ್ಯಯನ. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಕಾಳುಗಳೇ ಅವು!

ಆದರೆ ಒಬ್ಬ ಯಾತ್ರಿಕ ಹೋಗಿಬಂದ ಮಾತ್ರಕ್ಕೆ ದೇಶ ಮುಂದೆ ಹೋದಂತಲ್ಲ. 1984ರಲ್ಲಿ ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ ಹೋದರು. ನಾವೆಲ್ಲ ಹೆಮ್ಮೆಪಟ್ಟೆವು. ನಮ್ಮ ಇನ್ನೊಬ್ಬ ಗಗನಯಾತ್ರಿ ಹೋಗಲು 41 ವರ್ಷ ಬೇಕಾಯಿತು. 2007ರಲ್ಲಿ ಮಲೇಷ್ಯಾದ ಶೇಖ್ ಮುಸ್ತಫರ್ ರಂಜಾನ್ ತಿಂಗಳಲ್ಲಿ ಬಾಹ್ಯಾಕಾಶಕ್ಕೆ ಹೋದರು. ಅಲ್ಲಿ ನಮಾಜ್, ಕಿಬ್ಲಾ, ಉಪವಾಸಗಳನ್ನು ಹೇಗೆ ಪಾಲಿಸಬೇಕೆಂದು ಅವರ ದೇಶದ ಉಲಮಾಗಳು ಮಾರ್ಗಸೂಚಿಯನ್ನೇ ಸಿದ್ಧಪಡಿಸಿದ್ದರು. ಮುಸ್ಲಿಂ ಜಗತ್ತು ಸಂಭ್ರಮಿಸಿತು. ಆದರೆ ಆ ಅವಕಾಶ ಬಂದದ್ದು ರಷ್ಯಾದಿಂದ ಯುದ್ಧವಿಮಾನಗಳನ್ನು ಕೊಂಡ ಒಪ್ಪಂದದ ಭಾಗವಾಗಿ. ನೌಕೆಯನ್ನು ತಾವೇ ಕಟ್ಟುವ ವಿದ್ಯೆ ಅದರಿಂದ ಬರಲಿಲ್ಲ. ಹೆಮ್ಮೆಯನ್ನು ಕೊಳ್ಳಬಹುದು, ವಿದ್ಯೆಯನ್ನು ಕೊಳ್ಳಲಾಗದು. ಗಗನಯಾನದ ಪರವಾಗಿ ಹೇಳಬಹುದಾದ ದೊಡ್ಡ ಮಾತು ಇದೇ: ಅದು ಕೊಂಡ ಆಸನವಲ್ಲ, ನಾವೇ ಕಟ್ಟುತ್ತಿರುವ ವಾಹನ. ಅದರ ಹೊಣೆ ಹೊತ್ತ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಆದರೂ ಮಳೆ, ಬೆಳೆ, ಬಿರುಗಾಳಿ ನೋಡುವ ಉಪಗ್ರಹಗಳು ಮೊದಲು, ಮನುಷ್ಯಯಾನ ಆಮೇಲೆ ಎಂಬುದೇ ನನ್ನ ಅಭಿಪ್ರಾಯ.

ಈಗ ಆ ಕೊನೆಯ ಅಂಕಿಯ ಬಳಿಗೆ ಬರೋಣ. 2022ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಿತು. 8ನೇ ತರಗತಿಯವರೆಗೆ ಕಡ್ಡಾಯ ಉಚಿತ ಶಿಕ್ಷಣವಿದೆ ಎಂಬ ಕಾರಣ ಕೊಟ್ಟಿತು. ಅದೇ ವರ್ಷ ಮೌಲಾನಾ ಆಜಾದ್ ಫೆಲೋಶಿಪ್ ನಿಂತಿತು; ಬೇರೆ ಯೋಜನೆಗಳಿವೆ ಎಂಬ ಕಾರಣ ಬಂತು. ಸಮವಸ್ತ್ರ, ನೋಟುಬುಕ್, ಬಸ್ಸಿನ ಖರ್ಚು ಯಾವ ಕಾಯ್ದೆಯಿಂದ ಬರುತ್ತದೆಂದು ಇಲ್ಲಿ ಕುಳಿತ ತಾಯಂದಿರನ್ನು ಕೇಳಬೇಕು. ಆದರೆ ಸ್ನೇಹಿತರೇ, ನಮ್ಮ ಮಕ್ಕಳ ಹಣವನ್ನು ರಾಕೆಟ್ ತಿಂದಿಲ್ಲ. ಅಮೆರಿಕದ ಉದಾಹರಣೆ ನೋಡಿ. 1969ರಲ್ಲಿ ಅಪೊಲೊ 11 ಹಾರುವ ಹಿಂದಿನ ದಿನ, ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಗಡಿಗ ರಾಲ್ಫ್ ಅಬರ್ನಥಿಯವರು ಬಡ ಕುಟುಂಬಗಳೊಂದಿಗೆ ಉಡಾವಣಾ ಕೇಂದ್ರಕ್ಕೆ ಹೋಗಿ ನಾವು ಕೇಳುತ್ತಿರುವ ಪ್ರಶ್ನೆಯನ್ನೇ ಕೇಳಿದರು. 1972ರಲ್ಲಿ ಅಪೊಲೊ ಯಾತ್ರೆಗಳು ನಿಂತವು. ಬಡತನ ನಿಲ್ಲಲಿಲ್ಲ. ಆದ್ದರಿಂದ ರಾಕೆಟ್ ನಿಲ್ಲಿಸಿ ಎನ್ನುವುದರಿಂದ ವಿದ್ಯಾರ್ಥಿವೇತನ ವಾಪಸು ಬರುವುದಿಲ್ಲ. ಅದನ್ನು ಅದಕ್ಕಾಗಿಯೇ, ಅಂಕಿಅಂಶಗಳೊಂದಿಗೆ ಕೇಳಬೇಕು.

ಕೊನೆಯದಾಗಿ ಎರಡು ಮನೆಗಳ ವಿಷಯ. ಅಬ್ದುಲ್ ಕಲಾಂ ಅವರಿಗೆ ಮದ್ರಾಸಿನ ತಾಂತ್ರಿಕ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಮನೆಯಲ್ಲಿ ಹಣವಿರಲಿಲ್ಲ. ಅಕ್ಕ ಜೋಹರಾ ತಮ್ಮ ಚಿನ್ನದ ಬಳೆ, ಸರ ಅಡವಿಟ್ಟು ಫೀಸು ಕಟ್ಟಿದರು. 1980ರಲ್ಲಿ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಎಸ್ಎಲ್‌ವಿ-3ರ ಯೋಜನಾ ನಿರ್ದೇಶಕರು ಅದೇ ತಮ್ಮ. ಸೂರ್ಯನ ಅಧ್ಯಯನಕ್ಕೆಂದು 2023ರಲ್ಲಿ ಹೋದ ಆದಿತ್ಯ-ಎಲ್1ರ ಯೋಜನಾ ನಿರ್ದೇಶಕಿ ನಿಗಾರ್ ಶಾಜಿ, ತಮಿಳುನಾಡಿನ ಸೆಂಗೋಟೈ ಎಂಬ ಸಣ್ಣ ಊರಿನ ಹೆಣ್ಣುಮಗಳು, ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು.

ಗಗನಯಾನದ ಖರ್ಚು ಸಾರ್ಥಕವೇ ಎಂದರೆ ನನ್ನ ಉತ್ತರ ಇಷ್ಟೇ: ಆ ಕೇಂದ್ರದ ಬಾಗಿಲಿಗೆ ಹೋಗುವ ದಾರಿ ನಮ್ಮ ಬೀದಿಯ ಶಾಲೆಯಿಂದ ತೆರೆದಿದ್ದರೆ ಸಾರ್ಥಕ. ಏಳನೇ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜಿಗೆ ಹೋಗುವ ಹುಡುಗನಿಗೆ, ಹತ್ತನೇ ತರಗತಿಗೆ ಓದು ನಿಲ್ಲಿಸಿ ಮನೆಯಲ್ಲಿ ಕೂತ ಹುಡುಗಿಗೆ ಅದು ಬೇರೆಯವರ ಖರ್ಚು, ಬೇರೆಯವರ ಸಂಭ್ರಮ. ಆ 144 ರೂಪಾಯಿಯಲ್ಲಿ ಅವರ ಪಾಲೂ ಇದೆ. ಪಾಲು ಕೊಟ್ಟವರಿಗೆ ಫಲ ಸಿಗಬೇಡವೇ?

ವಿದ್ಯಾರ್ಥಿಗಳೇ, ಇಂದು ನೀವು ಒಯ್ಯುವ ಚೆಕ್ಕು ಜೋಹರಾ ಅವರ ಬಳೆಯಿದ್ದಂತೆ. ಯಾರೋ ತಮ್ಮದೊಂದನ್ನು ಬಿಟ್ಟುಕೊಟ್ಟಿದ್ದಾರೆ. ಅದನ್ನು ವ್ಯರ್ಥ ಮಾಡುವುದೇ ನಿಜವಾದ ಇಸ್ರಾಫ್. ಅಲ್ಲಾಹನು ನಿಮ್ಮ ಇಲ್ಮಿನಲ್ಲಿ ಬರಕತ್ ನೀಡಲಿ. ಆಮೀನ್. ವಸ್ಸಲಾಂ.