ನೆಲ, ನೀರು ಮತ್ತು ನೆಲೆ: ಕಂಬಂ ಕಣಿವೆಯಿಂದ ನಿಲಕ್ಕೋಟ್ಟೈವರೆಗೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ತಾಯ್ನೆಲವನ್ನು ಬಿಟ್ಟು ದೂರ ನಡೆದ ಜನಸಮುದಾಯವೊಂದು ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸುವವರು ಯಾರು? ಅರಸನ ಆಜ್ಞೆಯೆಂದು ಚರಿತ್ರಕಾರರು ಹೇಳಬಹುದು. ದೈವಸಂಕಲ್ಪವೆಂದು ಮನೆಯ ಹಿರಿಯರು ಹೇಳಬಹುದು. ಈ ಎರಡನ್ನೂ ಅಲ್ಲಗಳೆಯದೆ, ಮೂರನೆಯದೊಂದು ಕಾರಣವನ್ನು ತಮ್ಮ ಮುಂದಿಡಬೇಕೆಂಬುದು ನನ್ನ ಅಪೇಕ್ಷೆ. ಅದು ಬೆಟ್ಟದ ಇಳಿಜಾರು, ಮಣ್ಣಿನ ಗುಣ, ಹೊಳೆಯ ಹರಿವು. ಇದಕ್ಕೆ ನಿದರ್ಶನವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ತೇನಿ, ದಿಂಡಿಗಲ್ಲು ಜಿಲ್ಲೆಗಳ ಕನ್ನಡ ಮಾತಿನ ಮನೆಗಳನ್ನು ನೋಡಿದರೆ ಸಾಕು.

ಮೊದಲು ಭೂಮಿಯ ಸ್ವರೂಪವನ್ನು ಗಮನಿಸೋಣ. ಕಂಬಂ ಕಣಿವೆಯ ಪಶ್ಚಿಮಕ್ಕೆ ಏಲಕ್ಕಿ ಬೆಟ್ಟಗಳು ಗೋಡೆಯಂತೆ ನಿಂತಿವೆ. ಪೂರ್ವ ದಕ್ಷಿಣಗಳಲ್ಲಿ ಮೇಘಮಲೈ, ವರುಷನಾಡು ಬೆಟ್ಟಗಳು. ನೈಋತ್ಯ ಮಾರುತವು ತನ್ನ ನೀರಿನ ಬಹುಭಾಗವನ್ನು ಕೇರಳದ ಕಡೆಯ ಇಳಿಜಾರಿನಲ್ಲಿ ಸುರಿದುಬಿಡುವುದರಿಂದ ಕಣಿವೆಯ ತಳವು ಮಳೆನೆರಳಿನಲ್ಲಿ ಉಳಿಯುತ್ತದೆ. ಬೆಟ್ಟದ ನೆತ್ತಿಯಲ್ಲಿ ದಟ್ಟವಾದ ಕಾಡು, ಬುಡದಲ್ಲಿ ಒಣಭೂಮಿ. ಇವೆರಡರ ನಡುವೆ ಒಂದು ದಿನದ ನಡಿಗೆ. ಇಂಥ ನೆಲವು ಬತ್ತ ಬೆಳೆಯುವವನಿಗೆ ಕಷ್ಟದ್ದು. ದನ ಕಾಯುವವನಿಗೆ ಮಾತ್ರ ಒಪ್ಪುವಂಥದ್ದು. ಮಳೆ ಬಂದಾಗ ಬಯಲಿನಲ್ಲಿ ಉತ್ತು, ಬೇಸಗೆಯಲ್ಲಿ ದನವನ್ನು ಮಲೆಗೆ ಹೊಡೆದರಾಯಿತು.

ಹಾಗೆ ಬಂದು ನೆಲಸಿದವರೇ ಇಲ್ಲಿ ಕಪ್ಪಿಲಿಯರೆಂದು ಕರೆಯಲ್ಪಡುವ ಒಕ್ಕಲಿಗರು. ತಮ್ಮ ಪೂರ್ವಿಕರು ತುಂಗಭದ್ರೆಯ ಸೀಮೆಯಿಂದ ಆಪತ್ತಿಗೆ ಹೆದರಿ ಹೊರಟುಬಂದರೆಂಬುದು ಅವರಲ್ಲಿ ಪರಂಪರೆಯಾಗಿ ಬಂದಿರುವ ಮಾತು. ದಾಟಲಾಗದ ಹೊಳೆಯೊಂದು ಎದುರಾದಾಗ ದಡದ ಹೊಂಗೆಮರಗಳು ಬಾಗಿ ಸೇತುವೆಯಾದುವೆಂಬ ಐತಿಹ್ಯವು ಅವರಲ್ಲಿಯೂ ನೆರೆಯ ತೊಟ್ಟಿಯರಲ್ಲಿಯೂ ಉಂಟು. ಐತಿಹ್ಯವನ್ನು ಚರಿತ್ರೆಯೆಂದು ನಾನು ಹೇಳುವುದಿಲ್ಲ. ಆದರೆ ಅವರು ದನಗಳೊಡನೆ ಬಂದರೆಂಬುದಕ್ಕೆ ಸಾಕ್ಷಿ ಇಂದಿಗೂ ಇದೆ. ಕಂಬಂ ಊರಿನ ನಂದಗೋಪಾಲಸ್ವಾಮಿಯ ಸನ್ನಿಧಿಯಲ್ಲಿ ದೇವರ ಹೆಸರಿನ ದನದ ಹಿಂಡೊಂದು ಇರುವುದು. ತಮಿಳಿನಲ್ಲಿ ಅದನ್ನು ‘ತಂಬಿರಾನ್ ಮಾಡು’ ಎನ್ನುತ್ತಾರೆ. 1906ರಲ್ಲಿ ಪ್ರಕಟವಾದ ಮಧುರೆ ಜಿಲ್ಲೆಯ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಅವರು ಇದರ ಕನ್ನಡ ಹೆಸರನ್ನೂ ಬರೆದಿಟ್ಟಿದ್ದಾರೆ: ‘ದೇವರು ಆವು’. ಹಿಂಡಿನ ಪಟ್ಟದ ಹೋರಿ ಸತ್ತಾಗ ಹಿಂಡಿನ ಮುಂದೆ ಕಬ್ಬನ್ನು ಇಟ್ಟು, ಮೊದಲು ಬಾಯಿಹಾಕಿದ ಹೋರಿಗೆ ಪಟ್ಟ ಕಟ್ಟುವ ಪದ್ಧತಿಯನ್ನೂ ಅಲ್ಲಿ ವರ್ಣಿಸಿದೆ.

‘ಆವು’ ಎಂಬ ಪದದ ಮೇಲೆ ಒಂದು ಕ್ಷಣ ನಿಲ್ಲಲು ಅಪ್ಪಣೆಯಾಗಬೇಕು. ಹಸುವಿಗೆ ಹಳಗನ್ನಡದಲ್ಲಿದ್ದ ಹೆಸರು ಅದು. ಮೈಸೂರು ಸೀಮೆಯ ನಿತ್ಯವ್ಯವಹಾರದಲ್ಲಿ ‘ಹಸು’ ಎಂಬುದೂ ಉತ್ತರದಲ್ಲಿ ‘ಆಕಳು’ ಎಂಬುದೂ ಅದರ ಸ್ಥಾನವನ್ನು ಪಡೆದುವು. ನಾವು ತರಗತಿಯಲ್ಲಿ ಅರ್ಥ ಹೇಳಿಕೊಡಬೇಕಾದ ಪದವನ್ನು, ಕನ್ನಡ ಪುಸ್ತಕವನ್ನೇ ಕಾಣದ ಜನರು ಕಣಿವೆಯೊಂದರ ಹಟ್ಟಿಯಲ್ಲಿ ಕಾಪಾಡಿಕೊಂಡು ಬಂದರು. ಅದನ್ನು ಕಾಪಾಡಿದ್ದು ವ್ಯಾಕರಣವಲ್ಲ. ದನ ಮೇಯುವ ಬೆಟ್ಟವಿದ್ದುದರಿಂದ ದನ ಉಳಿಯಿತು, ದನವಿದ್ದುದರಿಂದ ಮಾತು ಉಳಿಯಿತು.

ಇನ್ನು ದಿಂಡಿಗಲ್ಲಿನ ಕಡೆ ತಿರುಗೋಣ. ಪಳನಿ ಬೆಟ್ಟಗಳಿಗೂ ಸಿರುಮಲೈಗೂ ನಡುವಣ ಬಯಲು ಕೊಂಗುನಾಡಿನಿಂದ ಮಧುರೆಗೆ ಇಳಿಯುವವರಿಗೆ ಹೆಬ್ಬಾಗಿಲು. ಆ ಬಾಗಿಲನ್ನು ಕಾಯುವ ಬಂಡೆಯ ಮೇಲೆ ದಿಂಡಿಗಲ್ಲಿನ ಕೋಟೆ. ಮೈಸೂರಿನ ಸೈನ್ಯವು ಈ ದಾರಿಯಲ್ಲೇ ಬಂದಿತು. 1755ರಲ್ಲಿ ಹೈದರಾಲಿಯು ಇಲ್ಲಿ ಫೌಜುದಾರನಾದನು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಈ ಸೀಮೆ ಇಂಗ್ಲಿಷರ ವಶವಾಯಿತು. ಸೈನ್ಯ ನಡೆದ ದಾರಿಯಲ್ಲಿ ವ್ಯಾಪಾರವೂ ನಡೆಯುವುದು ಸಹಜ. ದಿಂಡಿಗಲ್ಲಿಗೆ ಸಮೀಪದ ಚಿನ್ನಾಳಪಟ್ಟಿಯಲ್ಲಿ ಕನ್ನಡ ನುಡಿಯುವ ದೇವಾಂಗರು ಮಗ್ಗ ಹೂಡಿದುದಕ್ಕೂ ಇದೇ ನ್ಯಾಯ ಸಲ್ಲುತ್ತದೆ. ನೇಕಾರನಿಗೆ ಬೇಕಾದುದು ಹೊಳೆಯ ದಂಡೆಗಿಂತ ಹೆಚ್ಚಾಗಿ ನೂಲು ಬರುವ, ಸೀರೆ ಹೋಗುವ ಹೆದ್ದಾರಿ.

ಆದರೆ ಈ ಪ್ರಾಂತದ ಹಣೆಬರಹವನ್ನು ಬದಲಿಸಿದ ಘಟನೆ 1895ರದು. ಪೆರಿಯಾರು ನದಿ ಬೆಟ್ಟದ ಮೇಲೆ ಹುಟ್ಟಿ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರವನ್ನು ಸೇರುವುದು. ಬೆಟ್ಟದ ಈಚೆ ಬದಿಯಲ್ಲಿ 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಜನ ಅನ್ನವಿಲ್ಲದೆ ಸತ್ತರು. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನದೊಡನೆ 999 ವರ್ಷಗಳ ಗುತ್ತಿಗೆಯಾಯಿತು. ಪೆನಿಕ್ವಿಕ್ ಎಂಬ ಎಂಜಿನಿಯರು ಮುಂದಿನ ವರ್ಷ ಆರಂಭಿಸಿದ ಅಣೆಕಟ್ಟು 1895ರಲ್ಲಿ ಮುಗಿಯಿತು. ಒಂದು ಮೈಲಿಗೂ ಮಿಗಿಲಾದ ಸುರಂಗವನ್ನು ಕೊರೆದು ಪಶ್ಚಿಮದ ನೀರನ್ನು ಪೂರ್ವಕ್ಕೆ ತಿರುಗಿಸಿದರು. ಆ ನೀರು ಸುರುಳಿ ಹೊಳೆಯನ್ನು ಸೇರಿ, ಕಣಿವೆಯಲ್ಲಿ ಸುಮಾರು 14,700 ಎಕರೆಗೆ ಎರಡು ಬೆಳೆಯನ್ನು ಕೊಟ್ಟು, ವೈಗೈಯೊಡನೆ ಕೂಡಿ, 1959ರಲ್ಲಿ ಉದ್ಘಾಟನೆಯಾದ ವೈಗೈ ಜಲಾಶಯವನ್ನು ಹಾದು, ನಮ್ಮ ನಿಲಕ್ಕೋಟ್ಟೈ ತಾಲ್ಲೂಕಿನ ಪೇರಣೈಗೆ ಬರುತ್ತದೆ. ಮಧುರೆಯ ಗದ್ದೆಗಳಿಗೆ ಹೋಗುವ ಹಿರಿಯ ಕಾಲುವೆಯ ಬಾಯಿ ಅಲ್ಲಿಯೇ. ಪೇರಣೈ ಎಂದರೆ ಹಿರಿಯ ಅಣೆ. ಆ ‘ಅಣೆ’ ತಮಿಳರಿಗೂ ನಮಗೂ ಒಂದೇ.

ನೀರು ಬಂದಮೇಲೆ ನೆಲ ಹೊಸ ಕಸುಬುಗಳನ್ನು ಕಲಿಸಿತು. ಕಂಬಂ ಸೀಮೆಯಲ್ಲಿ ದ್ರಾಕ್ಷಿಯ ಚಪ್ಪರಗಳು ಎದ್ದುವು. ಅಲ್ಲಿಯ ‘ಪನ್ನೀರ್’ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಬೆಟ್ಟದ ಏಲಕ್ಕಿ ಇಳಿದುಬರುವ ಬೋಡಿನಾಯಕನೂರು ಏಲಕ್ಕಿಯ ಹರಾಜಿಗೆ ಹೆಸರಾಯಿತು. ನಿಲಕ್ಕೋಟ್ಟೈಯ ಕಥೆ ಬೇರೆ. ಇಲ್ಲಿಯ ಬಾವಿನೀರಿಗೂ ಮಣ್ಣಿಗೂ ಮಲ್ಲಿಗೆ ಒಗ್ಗಿತು. ಬೆಳಕು ಹರಿಯುವ ಮುನ್ನ ಕಿತ್ತ ಮೊಗ್ಗು ಸಂಜೆಗೆ ಅರಳಿಬಿಡುವುದರಿಂದ ಮಲ್ಲಿಗೆಯ ತೋಟ ಮಾರುಕಟ್ಟೆಯಿಂದ ದೂರವಿರಲಾಗದು. ಮಧುರೆಯೂ ದಿಂಡಿಗಲ್ಲೂ ಹತ್ತಿರವಿರುವುದೇ ನಿಲಕ್ಕೋಟ್ಟೈಯ ಹೂವಿನ ಪೇಟೆಯ ಭಾಗ್ಯ.

ಮಹನೀಯರೇ, ಈ ಐಶ್ವರ್ಯಕ್ಕೆ ನಾವು ತೆತ್ತ ಬೆಲೆಯೂ ಒಂದುಂಟು. ದನವನ್ನು ಹಟ್ಟಿಯೊಳಗೆ ಕರೆಯುವುದಕ್ಕೆ ಮನೆಯ ಮಾತು ಸಾಕಾಗಿತ್ತು. ಹೂವನ್ನೂ ದ್ರಾಕ್ಷಿಯನ್ನೂ ಮಾರುವುದಕ್ಕೆ ಪೇಟೆಯ ಮಾತು ಬೇಕು. ಮಕ್ಕಳ ಪಾಠವೂ ಪತ್ರವ್ಯವಹಾರವೂ ತಮಿಳಿನಲ್ಲಿ. ಕನ್ನಡವಾಡುವ ಮನೆಗಳಲ್ಲಿಯೂ ಕನ್ನಡ ಲಿಪಿಯನ್ನು ಬಲ್ಲವರು ವಿರಳ. ಇದರಲ್ಲಿ ತಮಿಳಿನ ದೋಷವೇನೂ ಇಲ್ಲ. ಅನ್ನ ಕೊಟ್ಟ ಭಾಷೆಯನ್ನು ಗೌರವಿಸುವುದು ಧರ್ಮ. ಆದರೆ ಈಗ ಹಟ್ಟಿಯೇ ಅಳಿಯುವ ಕಾಲ ಬಂದಿದೆ. 2021ರಲ್ಲಿ ಮೇಘಮಲೈ ಕಾಡು ಹುಲಿ ಸಂರಕ್ಷಣಾ ಪ್ರದೇಶಕ್ಕೆ ಸೇರಿತು. ಮರುವರ್ಷ ಮದ್ರಾಸ್ ಉಚ್ಚ ನ್ಯಾಯಾಲಯವು ಅಂಥ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. ಕಾಡು ಉಳಿದರಲ್ಲವೇ ಹೊಳೆ ಉಳಿಯುವುದು ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೂ ಮಲೆಯ ಹುಲ್ಲನ್ನೇ ನಂಬಿದ ನಾಟಿತಳಿಯ ದನ ಕರಗಿದರೆ, ಅದರ ಬಣ್ಣಕ್ಕೆ, ಕೊಂಬಿಗೆ, ರೋಗಕ್ಕೆ, ಮೇವಿಗೆ ಇದ್ದ ಕನ್ನಡ ಹೆಸರುಗಳೂ ಕರಗುತ್ತವೆ. ಕಸುಬು ಹೋದಮೇಲೆ ಅದರ ಮಾತನ್ನು ನಿಘಂಟು ಮಾತ್ರ ಉಳಿಸೀತು. ನಮ್ಮ ನಿಘಂಟುಗಳಿಗೆ ಈ ಕಣಿವೆಯ ಪರಿಚಯವೇ ಸಾಲದು.

ಆದುದರಿಂದ ಸಂಘದ ಮುಂದೆ ಎರಡು ವಿಜ್ಞಾಪನೆಗಳನ್ನು ಇಡುತ್ತೇನೆ. ದನ ಕಾದ, ಮಗ್ಗ ನೇಯ್ದ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರ ಬಾಯಿಂದ ಮಣ್ಣು, ಮಳೆ, ದನ, ನೂಲುಗಳ ಹೆಸರುಗಳನ್ನು ಕೇಳಿ ಬರೆದಿಡಬೇಕು. ಅವರ ದನಿಯನ್ನು ಮುದ್ರಿಸಿಡಬೇಕು. ಎರಡನೆಯದಾಗಿ, ಬೇಸಗೆಯ ರಜೆಯಲ್ಲಿ ಒಂದು ತಿಂಗಳು ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರಗಳನ್ನು ಕಲಿಸಬೇಕು. ಆಡಬಲ್ಲ ಮಗುವಿಗೆ ಓದು ಕಷ್ಟವಲ್ಲ.

ಕೊನೆಯದಾಗಿ ಒಂದು ಮಾತು. 2011ರ ಡಿಸೆಂಬರಿನಲ್ಲಿ ಪೆರಿಯಾರು ಅಣೆಯ ವಿಷಯವಾಗಿ ಈ ಕಣಿವೆ ಕುದಿದುದನ್ನು ತಾವೆಲ್ಲ ಬಲ್ಲಿರಿ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು 142 ಅಡಿಯ ನೀರಿನ ಮಟ್ಟಕ್ಕೆ ಸಮ್ಮತಿಸಿತು. ಮಲಯಾಳದ ಬೆಟ್ಟದಲ್ಲಿ ಬಿದ್ದ ಮಳೆ ತಮಿಳರ ಕಾಲುವೆಯಲ್ಲಿ ಹರಿದು ಕನ್ನಡ ಒಕ್ಕಲಿನ ಹೊಲವನ್ನು ನೆನೆಸುತ್ತಿದೆ. ಇಂಥ ನೀರನ್ನು ಕುಡಿದವರು ಯಾವ ಭಾಷೆಯ ಮೇಲೂ ಹಗೆ ಸಾಧಿಸಲಾರರು. ತಮ್ಮ ಭಾಷೆಯನ್ನು ಮರೆಯಲೂ ಬಾರದು.