ಹಬ್ಬಕ್ಕೆ ಹತ್ತು ಜನ ಬೇಕು

ನಾನು ಬಿಕಾಂ ಓದಿದವನು, ಲೆಕ್ಕದಿಂದಲೇ ಶುರು ಮಾಡ್ತೀನಿ: ಹತ್ತು. ಸಾಂಪ್ರದಾಯಿಕ ಯೆಹೂದಿಗಳಲ್ಲಿ ವಯಸ್ಸಿಗೆ ಬಂದ ಹತ್ತು ಗಂಡಸರು ಸೇರದಿದ್ದರೆ ಕೆಲವು ಪ್ರಾರ್ಥನೆಗಳನ್ನು ಹೇಳೋ ಹಾಗೇ ಇಲ್ಲ. ಈ ಹತ್ತು ಜನರ ಕೂಟಕ್ಕೆ ‘ಮಿನ್ಯಾನ್’ ಅಂತಾರೆ.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇದೆ. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಕೊಚ್ಚಿಯ ಬಹುತೇಕ ಯೆಹೂದಿ ಕುಟುಂಬಗಳು ವಲಸೆ ಹೋದವು. ಉಳಿದ ಬೆರಳೆಣಿಕೆಯ ಜನಕ್ಕೆ ಹಬ್ಬ ಬಂತೆಂದರೆ ಹತ್ತರದೇ ಚಿಂತೆ. ಊರು ನೋಡಲು ಬಂದ ಯೆಹೂದಿ ಪ್ರವಾಸಿಗರನ್ನೂ ಸೇರಿಸಿಕೊಂಡು ಲೆಕ್ಕ ತುಂಬಿಸಿದ್ದುಂಟು. ಸಿಮ್ಹತ್ ತೋರಾ ಹಬ್ಬದಲ್ಲಂತೂ ಧರ್ಮಗ್ರಂಥದ ಸುರುಳಿಗಳನ್ನು ಹೊತ್ತು ಸುತ್ತು ಬರಬೇಕು. ಹೊರೋಕೆ ಕೈಗಳು ಬೇಕಲ್ವಾ?

ಟಿಕೆಟ್ ದುಡ್ಡಲ್ಲಿ ಕಟ್ಟಡ ನೋಡಿಕೊಳ್ಳಬಹುದು, ಹಬ್ಬ ಮಾಡೋಕಾಗಲ್ಲ. ಈ ಸಲ ನಿಮ್ಮೂರ ಹಬ್ಬಕ್ಕೆ ರಜೆ ಹಾಕ್ತೀರಾ? ಕಾಮೆಂಟಲ್ಲಿ ತಿಳಿಸಿ.