ಅಕ್ಷರಕ್ಕೆ ಮೊದಲು ಚಿತ್ರ, ಪಾಠಕ್ಕೆ ಮೊದಲು ಆಟ

(ಮುಂಬಯಿಯಲ್ಲಿ ಕನ್ನಡ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಶಿಶುವಿಹಾರಕ್ಕೆ ಮಕ್ಕಳನ್ನು ಸೇರಿಸಲು ಬರುವ ತಾಯ್ತಂದೆಯರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಮಗುವಿಗೆ ಮೂರು ವರ್ಷ ತುಂಬಿತು, ಇನ್ನೂ ಅ ಆ ಬರೆಯಲು ಬರುವುದಿಲ್ಲವಲ್ಲ?" ಈ ಆತಂಕದಲ್ಲಿ ವಾತ್ಸಲ್ಯವಿದೆ, ನಿಜ. ಆದರೆ ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ಣವಾಗಿ ಬೆಳೆದಿರುವುದಿಲ್ಲ. ಬೆರಳುಗಳ ಸಣ್ಣ ಸ್ನಾಯುಗಳಿಗೆ ಪೆನ್ಸಿಲನ್ನು ಹತೋಟಿಯಲ್ಲಿಡುವ ಶಕ್ತಿ ಬಂದಿರುವುದಿಲ್ಲ. ಆ ಶಕ್ತಿ ಬರುವುದು ಕಾಪಿ ಪುಸ್ತಕದಿಂದಲ್ಲ. ಜೇಡಿಮಣ್ಣನ್ನು ಹಿಸುಕುವುದರಿಂದ, ಹಳೆಯ ಕಾಗದವನ್ನು ಹರಿಯುವುದರಿಂದ, ದಾರಕ್ಕೆ ಮಣಿ ಪೋಣಿಸುವುದರಿಂದ, ಚಪಾತಿ ಹಿಟ್ಟಿನ ಪುಟ್ಟ ಉಂಡೆಯನ್ನು ಲಟ್ಟಿಸುವುದರಿಂದ ಅದು ಬರುತ್ತದೆ. ಇವನ್ನೆಲ್ಲ ನಾವು ಆಟವೆಂದು ಕರೆಯುತ್ತೇವೆ, ಕಾಲಹರಣವೆಂದು ಗದರಿಸುತ್ತೇವೆ.

ಈ ವಿಚಾರ ಹೊಸದೇನಲ್ಲ. ವಕೀಲಿ ವೃತ್ತಿಯನ್ನು ತೊರೆದು ಬಂದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು, ಹೊಡೆತ ಬೆದರಿಕೆಗಳಿಲ್ಲದೆ ಕಥೆ, ಹಾಡು, ಆಟಗಳ ಮೂಲಕ ಮಕ್ಕಳಿಗೆ ಕಲಿಸಿ ತೋರಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಬೋರ್ಡಿಯಲ್ಲಿ ಗ್ರಾಮೀಣ ಬಾಲಶಿಕ್ಷಣದ ಕೇಂದ್ರವನ್ನು ಆರಂಭಿಸಿ, 1957ರಲ್ಲಿ ಕೋಸಬಾಡದ ಗುಡ್ಡಕ್ಕೆ ಹೋದರು. ಅನುತಾಯಿ ವಾಘ್ ಅವರು ಜೊತೆಗಿದ್ದರು. ಕೋಸಬಾಡ ನಮ್ಮ ಮುಂಬಯಿಗೆ ದೂರವೇನೂ ಅಲ್ಲ, ಡಹಾಣೂ ಬಳಿಯೇ ಇದೆ. ಮಾಂಟೆಸೊರಿ ಪದ್ಧತಿಯ ಬೆಲೆಬಾಳುವ ಉಪಕರಣಗಳು ವಾರಲಿ ಮಕ್ಕಳಿಗೆ ಎಲ್ಲಿಂದ ಬರಬೇಕು? ಕಪ್ಪೆಚಿಪ್ಪು, ಬೆಣಚುಕಲ್ಲು, ಎಲೆ, ಬೀಜ ಇವೇ ಅಲ್ಲಿ ಉಪಕರಣಗಳಾದವು. ದನ ಕಾಯುವ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಹುಲ್ಲುಗಾವಲಿಗೆ ಹೋಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ ದೇಶದಲ್ಲೆಲ್ಲ ಅಂಗನವಾಡಿಗಳು ಬಂದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಅಲ್ಲಿ ಆಟಕ್ಕೆ ಪ್ರಧಾನ ಸ್ಥಾನವನ್ನು ನೀಡಿದೆ. ಆದರೂ ಮನೆಯಲ್ಲಿ ನಾವು ಬದಲಾಗದಿದ್ದರೆ ನೀತಿ ಏನು ತಾನೇ ಮಾಡೀತು?

ಚಿತ್ರಪುಸ್ತಕದ ವಿಷಯಕ್ಕೆ ಬರುತ್ತೇನೆ. ನಮ್ಮ ಬಾಲವಾಡಿಗೆ ನಾಲ್ಕು ವರ್ಷದ ಹುಡುಗಿಯೊಬ್ಬಳು ಬರುತ್ತಿದ್ದಳು. ತಾಯ್ತಂದೆ ಇಬ್ಬರೂ ದುಡಿಯಲು ಹೋಗುವವರು; ಚಾಳಿನ ಕೋಣೆಯಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದವರು ವಿಜಯಪುರದ ಕಡೆಯ ಅಜ್ಜಿ. ಒಂದು ಶನಿವಾರ ಮನೆಗೆ ಒಯ್ಯಲು ಚಿತ್ರಪುಸ್ತಕವೊಂದನ್ನು ಕೊಟ್ಟಾಗ ಆ ಅಜ್ಜಿ ಅದನ್ನು ಹಿಂದಕ್ಕೆ ಚಾಚಿದರು. "ಅಕ್ಕೋರ, ನನಗ ಓದಾಕ ಬರಂಗಿಲ್ರಿ. ನಾ ಏನ್ ಕಲಸ್ಲಿ ಇದಕ್ಕ?" ಎಂದರು. ಮೊಮ್ಮಗಳ ಪಾಲಿಗೆ ತಾನು ಕೆಲಸಕ್ಕೆ ಬಾರದವಳು ಎಂಬ ಕುಗ್ಗು ಆ ದನಿಯಲ್ಲಿತ್ತು. ಓದುವುದು ಬೇಡ, ಚಿತ್ರ ತೋರಿಸಿ ಮಾತನಾಡಿ, ಅಷ್ಟು ಸಾಕು ಎಂದು ಒಪ್ಪಿಸಿ ಕಳುಹಿಸಿದೆ.

ಸೋಮವಾರ ಆ ಮಗು ಬಾವಿಯ ಚಿತ್ರವಿದ್ದ ಪುಟವನ್ನೇ ತೆರೆದು ಕುಳಿತಿತು. ನಳದ ನೀರನ್ನಷ್ಟೇ ಕಂಡಿದ್ದ ಅದಕ್ಕೆ ಈಗ ಬಾವಿಯ ಕಟ್ಟೆ ಗೊತ್ತು, ಹಗ್ಗ ಗೊತ್ತು, ರಾಟೆ ಗೊತ್ತು; ಬೇಸಿಗೆಯಲ್ಲಿ ನೀರು ತಳ ಕಂಡಾಗ ಅಜ್ಜಿ ಎಷ್ಟು ದೂರ ನಡೆದು ಕೊಡ ಹೊತ್ತು ತಂದರೆಂಬುದೂ ಗೊತ್ತು. ಪುಸ್ತಕದಲ್ಲಿ ಇದ್ದುದು ಒಂದು ಬಾವಿ, ಒಂದು ಕಪ್ಪೆ ಮಾತ್ರ. ಉಳಿದುದೆಲ್ಲ ಅಜ್ಜಿಯದು. ಆನಂತರ ಪ್ರತಿ ಶನಿವಾರ ಅಜ್ಜಿ ತಾವಾಗಿಯೇ ಬಂದು ಪುಸ್ತಕ ಕೇಳಿ ಒಯ್ಯುತ್ತಿದ್ದರು. ಒಮ್ಮೆ ನಾನು ಆರಿಸಿಕೊಟ್ಟ ಪುಸ್ತಕವನ್ನು ಬೇಡವೆಂದು, ಅದರಲ್ಲಿ ಎಮ್ಮೆ ಇಲ್ಲವೆಂದು ಬದಲಾಯಿಸಿಕೊಂಡರು!

ಪುಸ್ತಕ ಹಿಡಿದಾಗ ನಾವು ಸಾಮಾನ್ಯವಾಗಿ ಮಾಡುವ ತಪ್ಪು ಪರೀಕ್ಷೆ ನಡೆಸುವುದು. "ಇದೇನು? ಇದರ ಬಣ್ಣ ಯಾವುದು?" ಎಂದು ಮೇಲಿಂದ ಮೇಲೆ ಕೇಳಿದರೆ ಮಗು ಬಾಯಿ ಮುಚ್ಚುತ್ತದೆ. ಮಗುವನ್ನು ಮಗ್ಗುಲಲ್ಲಿ ಕೂರಿಸಿಕೊಳ್ಳಿ. ಪುಟ ತಿರುವುವ ಅಧಿಕಾರ ಅದಕ್ಕೇ ಇರಲಿ. ಅದು ಬೆರಳಿಟ್ಟ ಜಾಗದ ಬಗ್ಗೆ ಮಾತನಾಡಿ, ಸ್ವಲ್ಪ ಹೊತ್ತು ಸುಮ್ಮನಿರಿ. ಮಗು "ನಾಯಿ" ಎಂದರೆ "ಹೌದು, ನಾಯಿ ಮಳೆಯಲ್ಲಿ ನೆನೆದಿದೆ" ಎಂದು ಅದರ ಮಾತನ್ನೇ ಒಂದು ಗೇಣು ಬೆಳೆಸಿ. ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಕೇಳಿದರೂ ಬೇಸರಿಸಬೇಡಿ. ಮುಂದೇನು ಬರುತ್ತದೆಂದು ಮೊದಲೇ ತಿಳಿದಿರುವುದೇ ಮಗುವಿನ ಸುಖ.

ಪುಸ್ತಕಗಳಿಗೆ ಕೊರತೆಯಿಲ್ಲ. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯಲ್ಲಿ ಕಡಿಮೆ ಬೆಲೆಯ ಕನ್ನಡ ಪುಸ್ತಕಗಳಿವೆ. ಚೆನ್ನೈಯ ತೂಲಿಕಾ, ಬೆಂಗಳೂರಿನ ಪ್ರಥಮ್ ಬುಕ್ಸ್ ಸಹ ಕನ್ನಡದಲ್ಲಿ ಚಿತ್ರಪುಸ್ತಕಗಳನ್ನು ತಂದಿವೆ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಅಂಜಿಕೆ ಇದೆ. ಮನೆಯಲ್ಲಿ ಕನ್ನಡವಾಡಿದರೆ ಶಾಲೆಯ ಮರಾಠಿ, ಇಂಗ್ಲಿಷುಗಳಲ್ಲಿ ಮಗು ಹಿಂದೆ ಬಿದ್ದೀತೆಂದು ಎಷ್ಟೋ ಮಂದಿ ಹರಕುಮುರುಕು ಇಂಗ್ಲಿಷಿನಲ್ಲೇ ಮಗುವಿನೊಡನೆ ವ್ಯವಹರಿಸುತ್ತಾರೆ. ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ಬಾವಿಯೆಂದರೇನೆಂದು ಒಂದು ಭಾಷೆಯಲ್ಲಿ ಅರಿತ ಮಗುವಿಗೆ ಮರಾಠಿಯ ವಿಹೀರ್ ಒಂದು ಹೊಸ ಹೆಸರು ಮಾತ್ರ. ಅರಿಯದ ಮಗುವಿಗೆ ಹೆಸರೂ ಹೊಸದು, ವಸ್ತುವೂ ಹೊಸದು. ಚಿತ್ರಕ್ಕಂತೂ ಭಾಷೆಯ ಹಂಗಿಲ್ಲ. ಯಾವ ಭಾಷೆಯ ಚಿತ್ರಪುಸ್ತಕ ಸಿಕ್ಕರೂ ಕನ್ನಡದಲ್ಲಿ ಕಥೆ ಹೇಳಬಹುದು.

ಲೆಕ್ಕದ ಮಾತೂ ಹೀಗೆಯೇ. ನೂರರವರೆಗೆ ಗಿಳಿಪಾಠ ಒಪ್ಪಿಸುವ ಮಗುವಿಗೆ ಐದು ಚಮಚ ತಾ ಎಂದರೆ ಹಿಡಿ ತುಂಬ ತರುತ್ತದೆ. ಊಟಕ್ಕೆ ಮುನ್ನ ತಟ್ಟೆಗೊಂದು ಲೋಟ ಇಡಿಸಿ. ಸುಲಿದ ಅವರೆಕಾಯಿಯಲ್ಲಿ ಸಿಪ್ಪೆ, ಕಾಳು ಬೇರೆ ಮಾಡಿಸಿ. ಮೆಟ್ಟಿಲು ಹತ್ತುತ್ತ ಎಣಿಸಿ. ಕಾಳು, ಬೀಜಗಳಿರುವಾಗ ಹಿರಿಯರೊಬ್ಬರು ಎದುರಿಗೇ ಇರತಕ್ಕದ್ದು, ಏಕೆಂದರೆ ಮಕ್ಕಳು ಅವನ್ನು ಮೂಗಿಗೋ ಬಾಯಿಗೋ ಹಾಕಿಕೊಳ್ಳುವುದುಂಟು. ಇಷ್ಟಕ್ಕೆಲ್ಲ ಸಮಯವೆಲ್ಲಿ ಎಂದು ಮೊಬೈಲನ್ನು ಕೈಗಿಡುವವರಿಗೆ ಒಂದು ಮಾತು: ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ವೀಕ್ಷಣೆ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ಕೊಳ್ಳಲಾಗದಿದ್ದರೆ ಪುಸ್ತಕವನ್ನು ಮನೆಯಲ್ಲೇ ಮಾಡಬಹುದು. ಹಳೆಯ ಕ್ಯಾಲೆಂಡರ್, ಲಗ್ನಪತ್ರಿಕೆ, ಬಿಸ್ಕತ್ತಿನ ಪೊಟ್ಟಣಗಳ ಚಿತ್ರಗಳನ್ನು ಕತ್ತರಿಸಿ, ಮೈದಾ ಅಂಟಿನಿಂದ ರಟ್ಟಿಗೆ ಹಚ್ಚಿ, ಒಂದು ಬದಿಯಲ್ಲಿ ದಪ್ಪ ದಾರದಿಂದ ಹೊಲಿದರಾಯಿತು. ಕೊನೆಯ ಒಂದೆರಡು ಪುಟ ಮಗುವಿಗಾಗಿ ಖಾಲಿ ಇರಲಿ. ಆ ಅಜ್ಜಿ ಹೊಲಿದ ಪುಸ್ತಕದ ಕೊನೆಯ ಪುಟದಲ್ಲಿ ಮೊಮ್ಮಗಳು ಊರಿಗೆ ಹೋಗಿಬಂದ ರೈಲಿನ ಟಿಕೆಟ್ಟನ್ನು ಅಂಟಿಸಿ, ಅದರ ಪಕ್ಕದಲ್ಲಿ ಒಂದು ದುಂಡನೆಯ ಗೆರೆ ಎಳೆದಿದ್ದಳು. ಏನದು ಎಂದು ಕೇಳಿದೆ. "ಅಜ್ಜಿಯ ಬಾವಿ" ಎಂದಳು.